ಮೊಣಕಾಲು ಆಪರೇಷನ್ ಆಗಿ ತಿಂಗಳುಗಳಾದರೂ ನೋವು ಹೋಗಿಲ್ಲವೇ? ಯಾವ ನೋವಿಗೆ ತಾಳ್ಮೆ ಬೇಕು, ಯಾವ ನೋವಿಗೆ ಡಾಕ್ಟರು ಬೇಕು

ಕಟಕೋಳ: "ತಮ್ಮಾ, ಚಿಪ್ಪು ಬದಲಿ ಮಾಡಿಸಿ ಎರಡೂವರೆ ತಿಂಗಳಾತು. ರಾತ್ರಿ ನಿದ್ದಿ ಇಲ್ಲ. ಮೊಣಕಾಲು ಮುಟ್ಟಿದ್ರ ಬಿಸಿ ಬಿಸಿ ಇರತೈತಿ. ರೊಕ್ಕಾನೂ ಹೋತು, ಕಾಲೂ ಹೋತು ಅನಸಾಕತ್ತೈತಿ."

ಇದು ನಮ್ಮ ದೊಡ್ಡವ್ವ ಹೇಳಿದ ಮಾತು. ಕಿರಾಣಿ ಅಂಗಡಿಯಲ್ಲಿ ವರ್ಷಗಟ್ಟಲೆ ನಿಂತುಕೊಂಡೇ ವ್ಯಾಪಾರ ಮಾಡಿದವಳು. ನೋವು ತಾಳಲಾಗದೆ ವ್ಯಾಯಾಮ ಬಿಟ್ಟಳು. ಮೊಣಕಾಲ ಕೆಳಗೆ ದಿಂಬು ಇಟ್ಟುಕೊಂಡು ಮಲಗಲು ಶುರು ಮಾಡಿದಳು. ಹಳೇ ಚೀಟಿ ತೋರಿಸಿ ನೋವಿನ ಗುಳಿಗೆ ತರಿಸಿಕೊಂಡು ದಿನಾ ನುಂಗಿದಳು. ಮತ್ತೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದಾಗ ಎರಡು ವಿಷಯ ಗೊತ್ತಾದವು. ಹಾಕಿದ ಕೀಲು ಸರಿಯಾಗಿಯೇ ಇತ್ತು. ಆದರೆ ಮೊಣಕಾಲು 70 ಡಿಗ್ರಿಗಿಂತ ಹೆಚ್ಚು ಬಗ್ಗುತ್ತಿರಲಿಲ್ಲ, ಬಿಪಿ ಏರಿತ್ತು.

ಆಪರೇಷನ್ ಕೆಟ್ಟಿರಲಿಲ್ಲ, ಆಮೇಲಿನ ನೋವನ್ನು ನಾವು ತಪ್ಪಾಗಿ ತಿಳಿದುಕೊಂಡಿದ್ದೆವು. ನಮ್ಮ ಭಾಗದಲ್ಲಿ ಈಗ ಈ ಆಪರೇಷನ್ ಮಾಡಿಸಿಕೊಂಡವರು ಓಣಿಗೆ ಒಬ್ಬರಾದರೂ ಸಿಗುತ್ತಾರೆ. ಹಾಗಾಗಿ ಈ ನೋವಿನ ಲೆಕ್ಕ ಎಲ್ಲರಿಗೂ ಗೊತ್ತಿರಲಿ ಅಂತ ಈ ಬರಹ.

ಬದಲಾಗುವುದು ಬರೀ ಚಿಪ್ಪಲ್ಲ

ನಾವು 'ಚಿಪ್ಪು ಬದಲಿ' ಅಂತೀವಿ. ನಿಜವಾಗಿ ಆಗುವುದು ಬೇರೆ. ತೊಡೆ ಎಲುಬಿನ ಕೆಳ ತುದಿ ಮತ್ತು ಕಣಕಾಲಿನ ಎಲುಬಿನ ಮೇಲ್ಭಾಗ ಸವೆದಿರುತ್ತವೆ. ಆ ಸವೆದ ಪದರವನ್ನು ಕೊಯ್ದು ತೆಗೆದು ಲೋಹದ ಹೊದಿಕೆ ಕೂಡಿಸುತ್ತಾರೆ. ಎರಡರ ನಡುವೆ ಗಟ್ಟಿ ಪ್ಲಾಸ್ಟಿಕ್ ತುಂಡು ಇಡುತ್ತಾರೆ. ಚಿಪ್ಪಿನ ಒಳಬದಿಗೆ ಕೆಲವರಿಗೆ ಪ್ಲಾಸ್ಟಿಕ್ ಹಾಕುತ್ತಾರೆ, ಕೆಲವರಿಗೆ ಹಾಗೇ ಬಿಡುತ್ತಾರೆ.

ಅಂದರೆ ಎಲುಬು ಕೊಯ್ದಿರುತ್ತದೆ, ಸ್ನಾಯು ಸರಿಸಿರುತ್ತದೆ, ಚರ್ಮದ ಸಣ್ಣ ನರಗಳು ಕಟ್ಟಾಗಿರುತ್ತವೆ. ಸವೆದ ಎಲುಬು ಎಲುಬಿಗೆ ತಿಕ್ಕುವ ಹಳೇ ನೋವು ಆಪರೇಷನ್ ದಿನವೇ ಹೋಗುತ್ತದೆ. ಅದರ ಜಾಗಕ್ಕೆ ಗಾಯ ಮಾಯುವ ಹೊಸ ನೋವು ಬರುತ್ತದೆ. ಇದರ ಜೊತೆಗೆ, ಎಷ್ಟೋ ವರ್ಷ ಕುಂಟುತ್ತಾ ನಡೆದಿದ್ದರಿಂದ ತೊಡೆಯ ಸ್ನಾಯು ಸೊರಗಿರುತ್ತದೆ. ಕೀಲು ಹೊಸದಾದರೂ ಅದನ್ನು ಎಳೆಯುವ ಸ್ನಾಯು ಹಳೇದೇ. ಅದಕ್ಕೆ ಶಕ್ತಿ ಬರುವ ತನಕ ನೋವು ಇರುತ್ತದೆ.

ಹಿಂದೆ ಇದು ದೊಡ್ಡವರ ಆಪರೇಷನ್ ಅನ್ನುವ ಮಾತಿತ್ತು. ವಾಜಪೇಯಿ ಅವರು ಪ್ರಧಾನಿ ಇದ್ದಾಗಲೇ 2000ದಲ್ಲಿ ಎಡ ಮೊಣಕಾಲು, 2001ರಲ್ಲಿ ಬಲ ಮೊಣಕಾಲು ಮುಂಬೈಯಲ್ಲಿ ಬದಲಿಸಿಕೊಂಡಾಗ ದಿನಾ ಪೇಪರಿನಲ್ಲಿ ಸುದ್ದಿ. 2017ರ ಆಗಸ್ಟ್‌ನಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಕೀಲಿನ ಬೆಲೆಗೆ ಮಿತಿ ಹಾಕಿತು. ಹೆಚ್ಚು ಬಳಕೆಯಲ್ಲಿರುವ ಕೋಬಾಲ್ಟ್-ಕ್ರೋಮಿಯಂ ಕೀಲಿಗೆ ಆಗ ಜಿಎಸ್‌ಟಿ ಬಿಟ್ಟು 54,720 ರೂಪಾಯಿ ನಿಗದಿಯಾಯಿತು. ಈಗ ಹೊಲದಲ್ಲಿ ಕೂತು ಕಸ ತೆಗೆದವರು, ಅಂಗಡಿಯಲ್ಲಿ ನಿಂತವರು ಎಲ್ಲರೂ ಮಾಡಿಸಿಕೊಳ್ಳುತ್ತಿದ್ದಾರೆ. ಆದರೆ ಆಪರೇಷನ್ ಬೆಳಗಾವಿ, ಹುಬ್ಬಳ್ಳಿ, ಧಾರವಾಡದಲ್ಲಿ. ಆಮೇಲಿನ ನೋವು ಮಾತ್ರ ನಮ್ಮೂರಿನ ಮನೆಯಲ್ಲಿ. ತೊಂದರೆ ಆಗುವುದು ಇಲ್ಲೇ.

ಎಷ್ಟು ದಿನ ನೋವು ಸಹಜ?

ಮೊದಲ ಎರಡು ವಾರ ನೋವು ಜೋರು. ಆರರಿಂದ ಹನ್ನೆರಡು ವಾರದೊಳಗೆ ಬಹಳಷ್ಟು ಜನರಿಗೆ ಗೊತ್ತಾಗುವಷ್ಟು ಇಳಿಯುತ್ತದೆ. ಆದರೆ ಪೂರ್ತಿ ಹೋಗಿರುವುದಿಲ್ಲ. ಊತ 3ರಿಂದ 6 ತಿಂಗಳು ಇರಬಹುದು. ಮೊಣಕಾಲು ಬೆಚ್ಚಗಿರುವುದು ಸಹ ಕೆಲವು ತಿಂಗಳು ಸಹಜ. ಹೊಲಿಗೆ ಗುರುತಿನ ಹೊರಬದಿಗೆ ಜೋಮು ಹಿಡಿದಂತೆ ಆಗುವುದು, ನಡೆಯುವಾಗ ಟಕ್ ಟಕ್ ಶಬ್ದ ಬರುವುದು ಕೂಡ ಸಾಮಾನ್ಯ. ರಾತ್ರಿ ನೋವು ಹೆಚ್ಚು ಅನಿಸುತ್ತದೆ. ಒಳಗಿನ ಪೂರ್ತಿ ಸುಧಾರಣೆಗೆ ಒಂದು ವರ್ಷ ಬೇಕಾಗಬಹುದು.

ಒಂದು ಮಾತು ಮುಚ್ಚಿಡಬಾರದು. ಈ ಆಪರೇಷನ್ ಆದ 10 ಮಂದಿಯಲ್ಲಿ ಒಬ್ಬರಿಂದ ಇಬ್ಬರಿಗೆ ತಿಂಗಳುಗಳು ಕಳೆದ ಮೇಲೂ ಒಂದಿಷ್ಟು ನೋವು ಉಳಿದುಬಿಡುತ್ತದೆ. ಅವರದು ನಾಟಕ ಅಲ್ಲ, "ಮನಸ್ಸಿಗೆ ಹಚ್ಕೊಂಡಾಳ" ಅಂತ ಮನೆಯವರು ತಳ್ಳಿಹಾಕುವ ಮಾತೂ ಅಲ್ಲ. ಅದಕ್ಕೂ ಪರೀಕ್ಷೆ ಇದೆ, ಚಿಕಿತ್ಸೆ ಇದೆ.

ಹಾಗಾದರೆ ಸಹಜ ನೋವು ಯಾವುದು, ಅಲ್ಲದ್ದು ಯಾವುದು? ಸರಳ ಲೆಕ್ಕ ಹೀಗೆ: ವಾರದಿಂದ ವಾರಕ್ಕೆ ಇಳಿಯುವ ನೋವು ಸಹಜ. ಇಳಿದಿದ್ದು ಮತ್ತೆ ಏರುತ್ತಾ ಹೋದರೆ ಡಾಕ್ಟರ ಹತ್ತಿರ ಹೋಗಬೇಕು. ನಡುವೆ ಒಂದು ದಿನ ಹೆಚ್ಚು ನಡೆದಿದ್ದಕ್ಕೆ ರಾತ್ರಿ ನೋವಾದರೆ ಗಾಬರಿ ಬೇಡ. ವಿಶ್ರಾಂತಿ ಕೊಟ್ಟರೆ ಒಂದೆರಡು ದಿನದಲ್ಲಿ ಇಳಿಯಬೇಕು.

ನೋವಿಗೂ ಒಂದು ಖಾತೆ ಬರೆಯಿರಿ

ಇಳಿಯುತ್ತಿದೆಯೋ ಏರುತ್ತಿದೆಯೋ ಅಂತ ನೆನಪಿನಿಂದ ಹೇಳಲು ಆಗುವುದಿಲ್ಲ. ನೋವಿದ್ದಾಗ ಎಲ್ಲಾ ದಿನವೂ ಒಂದೇ ಅನಿಸುತ್ತದೆ. ಅಂಗಡಿಯವರಿಗೆ ಇದು ಸುಲಭ. ಉದ್ರಿ ಬರೆದಂತೆ ದಿನಕ್ಕೆ ಒಂದು ಸಾಲು ಸಾಕು: ತಾರೀಖು, ನೋವು ಹತ್ತಕ್ಕೆ ಎಷ್ಟು, ಎಷ್ಟು ನಿಮಿಷ ನಡೆದಿರಿ, ಎಷ್ಟು ಗುಳಿಗೆ ತಗೊಂಡಿರಿ.

ದೊಡ್ಡವ್ವ ಉದ್ರಿ ಪುಸ್ತಕದ ಹಿಂದಿನ ಹಾಳೆಯಲ್ಲೇ ಬರೆದಳು. ಮೊದಲ ದಿನ 8. "ಏನೂ ಕಡಿಮಿ ಆಗಿಲ್ಲ ನೋಡು" ಅನ್ನುತ್ತಲೇ ಇದ್ದಳು. ಐದು ವಾರದ ನಂತರ ಹಾಳೆ ತಿರುವಿದರೆ 4, 5, 4. ಆವತ್ತಿನಿಂದ ರೊಕ್ಕ ಹೋತು ಅನ್ನುವ ಮಾತು ನಿಂತಿತು. ಡಾಕ್ಟರಿಗೂ ಈ ಹಾಳೆ ಬಹಳ ಉಪಯೋಗಕ್ಕೆ ಬಂತು.

ಬಗ್ಗಿಸದಿದ್ದರೆ ನೋವು ಬಿಡುವುದಿಲ್ಲ

ನೋವಿಗೆ ಹೆದರಿ ಕಾಲು ಬಗ್ಗಿಸುವುದನ್ನು ಬಿಟ್ಟರೆ ಒಳಗೆ ಗಾಯದ ಅಂಶ ಗಟ್ಟಿಯಾಗಿ ಕೀಲು ಬಿಗಿಯುತ್ತದೆ. ಬಿಗಿದ ಕೀಲು ಇನ್ನೂ ನೋಯುತ್ತದೆ. ಸಮತಟ್ಟಾದ ನೆಲದ ಮೇಲೆ ನಡೆಯಲು ಸುಮಾರು 65-70 ಡಿಗ್ರಿ ಬಗ್ಗಬೇಕು, ಮೆಟ್ಟಿಲಿಗೆ 85-90, ಖುರ್ಚಿಯಿಂದ ಆರಾಮಾಗಿ ಏಳಲು 95ರ ಮೇಲೆ. ದೊಡ್ಡವ್ವ 70ಕ್ಕೆ ನಿಂತಿದ್ದಕ್ಕೇ ಮನೆಯ ಕಟ್ಟೆ ಹತ್ತಲು ಆಗುತ್ತಿರಲಿಲ್ಲ. ಮೊದಲ ಮೂರು ತಿಂಗಳು ಇದಕ್ಕೆ ಬಹಳ ಮುಖ್ಯ. ಆಗ ಬಗ್ಗದಿದ್ದರೆ ಕೆಲವರಿಗೆ ಮಂಪರು ಕೊಟ್ಟು ಡಾಕ್ಟರೇ ಬಗ್ಗಿಸಬೇಕಾಗುತ್ತದೆ.

ಆಸ್ಪತ್ರೆಯಲ್ಲಿ ಹೇಳಿಕೊಡುವ ವ್ಯಾಯಾಮಗಳು ಹೆಚ್ಚು ಕಡಿಮೆ ಇವೇ:

- ಪಾದವನ್ನು ಮೇಲೆ ಕೆಳಗೆ ಆಡಿಸುವುದು. ರಕ್ತ ಹೆಪ್ಪುಗಟ್ಟದಂತೆ ಇದು ಸಹಾಯ ಮಾಡುತ್ತದೆ.
- ಕಾಲು ಚಾಚಿ ಮೊಣಕಾಲನ್ನು ಹಾಸಿಗೆಗೆ ಒತ್ತಿ, ಐದು ಎಣಿಸುವ ತನಕ ತೊಡೆ ಬಿಗಿ ಹಿಡಿಯುವುದು.
- ಹಿಮ್ಮಡಿಯನ್ನು ಹಾಸಿಗೆ ಮೇಲೆ ಜಾರಿಸುತ್ತಾ ಮೊಣಕಾಲು ಬಗ್ಗಿಸುವುದು.
- ಹಿಮ್ಮಡಿ ಕೆಳಗೆ ಟವೆಲ್ ಸುರುಳಿ ಇಟ್ಟು ಮೊಣಕಾಲು ಪೂರ್ತಿ ನೇರ ಆಗಲು ಬಿಡುವುದು.

ದಿಂಬನ್ನು ಮೊಣಕಾಲ ಕೆಳಗೆ ಇಡಬೇಡಿ. ಹಾಯ್ ಅನಿಸುತ್ತದೆ, ಆದರೆ ಕಾಲು ಬಾಗಿದ ಹಾಗೇ ಬಿಗಿದುಕೊಂಡು ಮುಂದೆ ನೇರ ಆಗುವುದಿಲ್ಲ. ಎತ್ತರ ಬೇಕಾದರೆ ಹಿಮ್ಮಡಿ ಕೆಳಗೆ ಇಡಿ.

ನಮ್ಮ ಕಡೆ ಹಳ್ಳಿಗಳಲ್ಲಿ ಫಿಜಿಯೋಥೆರಪಿಸ್ಟ್ ಸಿಗುವುದು ಕಷ್ಟ. ಹಾಗಾಗಿ ಆಸ್ಪತ್ರೆ ಬಿಡುವ ಮುಂಚೆ ಅವರನ್ನು ಕೇಳಿ, ವ್ಯಾಯಾಮ ಮಾಡಿಸುವುದನ್ನು ಮೊಬೈಲ್‌ನಲ್ಲಿ ವಿಡಿಯೊ ಮಾಡಿಕೊಳ್ಳಿ. ಒಮ್ಮೆಲೇ ಒಂದು ತಾಸು ಮಾಡುವ ಬದಲು ದಿನಕ್ಕೆ ಮೂರ್ನಾಲ್ಕು ಸಲ ಸ್ವಲ್ಪ ಸ್ವಲ್ಪ ಮಾಡಿ. ಡಾಕ್ಟರು ಬರೆದ ನೋವಿನ ಗುಳಿಗೆ ಇದ್ದರೆ ವ್ಯಾಯಾಮಕ್ಕೆ ಅರ್ಧ ತಾಸು ಮುಂಚೆ ತಗೊಳ್ಳಿ. ಮುಗಿದ ಮೇಲೆ ಐಸ್.

ಐಸಾ, ಶಾಖವಾ?

ಮೊದಲ ತಿಂಗಳುಗಳಲ್ಲಿ ಐಸೇ ಸರಿ. ಐಸ್ ತುಂಡುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಟವೆಲ್ ಸುತ್ತಿ, 15-20 ನಿಮಿಷ ಇಡಿ. ಬರೀ ಚರ್ಮಕ್ಕೆ ಐಸ್ ತಾಗಿಸಬೇಡಿ. ಜೋಮು ಇರುವ ಜಾಗದಲ್ಲಿ ಸುಟ್ಟರೂ ಗೊತ್ತಾಗುವುದಿಲ್ಲ. ಬಿಸಿ ಇಟ್ಟಿಗೆ, ಬಿಸಿ ನೀರಿನ ಶಾಖ ಊತ ಇದ್ದಾಗ ಬೇಡ.

ಎಣ್ಣೆ ಹಚ್ಚಿ ತಿಕ್ಕಿಸುವ ರೂಢಿ ನಮ್ಮಲ್ಲಿ ಬಹಳ. ಗಾಯ ಪೂರ್ತಿ ಮಾಯುವ ತನಕ ಅದರ ಮೇಲೆ ಎಣ್ಣೆ, ಸೊಪ್ಪು, ಅರಿಶಿನ ಯಾವುದೂ ಬೇಡ. ಮೀನಖಂಡವನ್ನು ಜೋರಾಗಿ ತಿಕ್ಕಿಸಲೇಬಾರದು. ಅಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಅದು ಕಿತ್ತು ಎದೆಗೆ ಹೋಗುವ ಅಪಾಯ ಇದೆ.

ಗುಳಿಗೆ ಲೆಕ್ಕ

ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್ ಗುಂಪಿನ ಗುಳಿಗೆಗಳು ನೋವಿಗೆ ಬೇಗ ಹಿಡಿಯುತ್ತವೆ. ಆದರೆ ತಿಂಗಳುಗಟ್ಟಲೆ ತಿಂದರೆ ಹೊಟ್ಟೆಯಲ್ಲಿ ಹುಣ್ಣು, ಕಿಡ್ನಿಗೆ ಪೆಟ್ಟು, ಬಿಪಿ ಏರಿಕೆ ಆಗಬಹುದು. ಸಕ್ಕರೆ ಕಾಯಿಲೆ, ಬಿಪಿ ಇರುವವರಿಗೆ ಇನ್ನೂ ಅಪಾಯ. ಆಪರೇಷನ್ ನಂತರ ರಕ್ತ ತೆಳು ಮಾಡುವ ಗುಳಿಗೆ ಕೊಟ್ಟಿದ್ದರೆ, ಅದರ ಜೊತೆ ಇವನ್ನು ನಾವೇ ತಿಂದರೆ ರಕ್ತಸ್ರಾವದ ಭಯ ಇದೆ.

ಪ್ಯಾರಾಸಿಟಮಾಲ್ ಸಾಮಾನ್ಯವಾಗಿ ಸುರಕ್ಷಿತ. ಆದರೂ ದಿನಕ್ಕೆ ಒಟ್ಟು 4 ಗ್ರಾಂ, ಅಂದರೆ 500ರ ಎಂಟು ಗುಳಿಗೆ ದಾಟಬಾರದು. ಲಿವರ್ ತೊಂದರೆ ಇದ್ದವರಿಗೆ, ಕುಡಿಯುವವರಿಗೆ, ತೂಕ ಕಡಿಮೆ ಇರುವ ವಯಸ್ಸಾದವರಿಗೆ ಮಿತಿ ಇನ್ನೂ ಕಡಿಮೆ. ಇಲ್ಲೊಂದು ಮೋಸ ಹೋಗುವ ಜಾಗ ಇದೆ: ಎಷ್ಟೋ ನೋವಿನ ಗುಳಿಗೆಗಳಲ್ಲಿ ಎರಡು ಔಷಧ ಸೇರಿರುತ್ತವೆ, ಅದರಲ್ಲಿ ಪ್ಯಾರಾಸಿಟಮಾಲ್ ಕೂಡ ಒಂದು. ಬೇರೆ ಬೇರೆ ಹೆಸರಿನ ಎರಡು ಗುಳಿಗೆ ನುಂಗಿ ಗೊತ್ತಿಲ್ಲದೇ ಅದನ್ನೇ ಡಬಲ್ ತಿಂದಿರುತ್ತೇವೆ. ಪಟ್ಟಿಯ ಹಿಂದೆ ಸಣ್ಣ ಅಕ್ಷರ ಓದಿಸಿ.

ಬದಲಿಸಿದ ಮೊಣಕಾಲಿಗೆ ಯಾರೇ ಹೇಳಿದರೂ ಊರಲ್ಲಿ ಇಂಜೆಕ್ಷನ್ ಹಾಕಿಸಬೇಡಿ. ಸೂಜಿಯಿಂದ ಒಳಗೆ ಸೋಂಕು ಹೋದರೆ ಇಡೀ ಕೀಲನ್ನೇ ತೆಗೆಯಬೇಕಾಗಬಹುದು.

ಅಂಗಡಿ, ಬಸ್ಸು, ಗುಡ್ಡ

ಗಲ್ಲಾ ಹಿಂದೆ ಇಡೀ ದಿನ ಕಾಲು ಇಳಿಬಿಟ್ಟು ಕೂತರೆ ಸಂಜೆಗೆ ಊತ ಗ್ಯಾರಂಟಿ. ಅರ್ಧ-ಮುಕ್ಕಾಲು ತಾಸಿಗೊಮ್ಮೆ ಎದ್ದು ಎರಡು ನಿಮಿಷ ನಡೆಯಿರಿ. ಪಕ್ಕದಲ್ಲಿ ಸ್ಟೂಲ್ ಇಟ್ಟುಕೊಂಡು ಆಗಾಗ ಕಾಲು ಮೇಲಿಡಿ. ಖುರ್ಚಿ ಎತ್ತರ ಇರಲಿ, ಕೈ ಇರುವ ಖುರ್ಚಿ ಆದರೆ ಒಳ್ಳೆಯದು. ಮೂಟೆ ಎತ್ತುವ ಕೆಲಸ ಬೇರೆಯವರಿಗೆ ಬಿಡಿ. ಬೆಳಗಾವಿಗೆ ಬಸ್ಸಿನಲ್ಲಿ ಹೋಗುವಾಗಲೂ ಕೂತಲ್ಲೇ ಪಾದ ಆಡಿಸುತ್ತಿರಿ.

ಕೋಲು ಹಿಡಿಯುವುದು ಆಪರೇಷನ್ ಆದ ಕಾಲಿನ ಕಡೆ ಅಲ್ಲ, ಚಲೋ ಇರುವ ಕಾಲಿನ ಕಡೆಯ ಕೈಯಲ್ಲಿ. ಮೆಟ್ಟಿಲು ಹತ್ತುವಾಗ ಚಲೋ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ಕುಕ್ಕರಗಾಲಲ್ಲಿ ಕೂರುವ ಪಾಯಖಾನೆ ಬೇಡ. ಕಮೋಡ್ ಕಟ್ಟಿಸಲು ಆಗದಿದ್ದರೆ ಕಮೋಡ್ ಖುರ್ಚಿ ಸಿಗುತ್ತದೆ.

ಗೊಡಚಿ ಜಾತ್ರೆಗೆ, ಎಲ್ಲಮ್ಮನ ಗುಡ್ಡಕ್ಕೆ ಹೋಗುವ ಹರಕೆ ಇದ್ದವರು ಬಹಳ ಜನ. ಹೋಗಬಾರದು ಅಂತಿಲ್ಲ. ಮೊದಲ ಮೂರು ತಿಂಗಳು ಜನಜಂಗುಳಿಯಲ್ಲಿ ನೂಕುನುಗ್ಗಲು ಬೇಡ. ಆಮೇಲೂ ಡಾಕ್ಟರನ್ನು ಕೇಳಿ, ಗದ್ದಲ ಇಲ್ಲದ ದಿನ ನೋಡಿ ಹೋಗಿ.

ಈ ಲಕ್ಷಣ ಕಂಡರೆ ಕಾಯಬೇಡಿ

- ಜ್ವರ, ಚಳಿ, ಹೊಲಿಗೆಯಿಂದ ನೀರು ಅಥವಾ ಕೀವು, ಹರಡುತ್ತಿರುವ ಕೆಂಪು.
- ಇಳಿದಿದ್ದ ನೋವು ಕಾರಣ ಇಲ್ಲದೆ ಮತ್ತೆ ಏರುವುದು, ಸುಮ್ಮನೆ ಮಲಗಿದ್ದಾಗಲೂ ಬಿಡದ ನೋವು.
- ಮೀನಖಂಡ ಗಟ್ಟಿಯಾಗಿ ಊದಿ ನೋಯುವುದು.
- ಬಿದ್ದ ಮೇಲೆ ಕಾಲೂರಲು ಆಗದಿರುವುದು.
- ಉಸಿರು ಕಟ್ಟಿದಂತೆ ಆಗುವುದು, ಎದೆ ನೋವು. ಇದಕ್ಕೆ ಕೂಡಲೇ 108ಕ್ಕೆ ಫೋನ್ ಮಾಡಿ.

ಸೋಂಕಿನ ಅನುಮಾನ ಇದ್ದಾಗ ಆಪರೇಷನ್ ಮಾಡಿದ ಡಾಕ್ಟರಿಗೆ ತೋರಿಸುವ ಮುಂಚೆ ಆಂಟಿಬಯೋಟಿಕ್ ಗುಳಿಗೆ ತಿನ್ನಬೇಡಿ. ಕೀಲಿನ ನೀರು ತೆಗೆದು ಪರೀಕ್ಷೆ ಮಾಡಿದಾಗ ಕ್ರಿಮಿ ಸಿಗದೇ ಹೋಗಬಹುದು. ವರ್ಷಗಳ ನಂತರವೂ ಸೋಂಕು ಬರುವ ಸಾಧ್ಯತೆ ಇದೆ. ಒಡೆದ ಹಿಮ್ಮಡಿ, ಮುಳ್ಳು ಚುಚ್ಚಿದ ಗಾಯ, ಹುಳುಕು ಹಲ್ಲು ಇವನ್ನು ನಿರ್ಲಕ್ಷಿಸಬೇಡಿ. ಶುಗರ್ ಇರುವವರು ಇನ್ನೂ ಹುಷಾರು.

ಮೂರು ತಿಂಗಳು ದಾಟಿಯೂ ನೋವು ಇಳಿಯದಿದ್ದರೆ ಕೇಳಬೇಕಾದ ಪ್ರಶ್ನೆ: ಎಕ್ಸ್‌ರೇ ಬೇಕಾ, ಸೋಂಕಿಗೆ ರಕ್ತ ಪರೀಕ್ಷೆ ಬೇಕಾ, ನೋವು ಸೊಂಟದಿಂದ ಅಥವಾ ಬೆನ್ನಿಂದ ಬರುತ್ತಿದೆಯಾ, ನರದ ನೋವಾ? ಉರಿ, ಶಾಕ್ ಹೊಡೆದಂತೆ ಆಗುವ ನರದ ನೋವಿಗೆ ಮಾಮೂಲಿ ಗುಳಿಗೆ ಹಿಡಿಯುವುದಿಲ್ಲ, ಬೇರೆ ಔಷಧ ಇದೆ. ನೋವಿನ ಜೊತೆ ಮನಸ್ಸೂ ಕುಗ್ಗಿದ್ದರೆ ಟೆಲಿ ಮಾನಸ್ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು, ಉಚಿತ.

ದೊಡ್ಡವ್ವನಿಗೆ ಈಗ ಎಂಟು ತಿಂಗಳು. ಬೆಳಿಗ್ಗೆ ಎದ್ದಾಗ ಇನ್ನೂ ಬಿಗಿ ಅನ್ನುತ್ತಾಳೆ. ತುಂಬಾ ಹೊತ್ತು ನಿಂತರೆ ನೋವು ಬರುತ್ತದೆ. ಆದರೆ ಮೊಣಕಾಲು 100 ಡಿಗ್ರಿ ದಾಟಿ ಬಗ್ಗುತ್ತದೆ, ಕಟ್ಟೆ ತಾನೇ ಹತ್ತುತ್ತಾಳೆ, ಅಂಗಡಿ ತಾನೇ ತೆಗೆಯುತ್ತಾಳೆ. ಖಾತೆಯಲ್ಲಿ ಮೊನ್ನೆ ಬರೆದಿದ್ದು 2.

(ಇದು ಸಾಮಾನ್ಯ ತಿಳುವಳಿಕೆಗೆ ಮಾತ್ರ. ಔಷಧ, ವ್ಯಾಯಾಮದ ವಿಷಯದಲ್ಲಿ ನಿಮ್ಮ ಡಾಕ್ಟರು ಹೇಳಿದ್ದೇ ಅಂತಿಮ.)