ಕನ್ನಡಿಯೂ ಕಾಯವೂ

ಪುಣೆಯ ದಕ್ಷಿಣದ ಅಂಚಿನಲ್ಲಿರುವ ಕಾತ್ರಜವು ಮೈಗೆ ದುಡಿಮೆ ಕೊಡುವವರ ಊರು. ಪೇಶ್ವೆಯವರ ಕಾಲದ ಕೆರೆಯ ಬಳಿ ಮುಂಜಾನೆ ತಿರುಗಾಡುವ ಹಿರಿಯರು, ಕುಸ್ತಿ ಕಲಿಯುವ ತರುಣರು, ಘಾಟಿನ ಹಳೆಯ ಸುರಂಗದ ಕಡೆಯಿಂದ ಗುಡ್ಡದ ಸಾಲು ಹಿಡಿದು ಸಿಂಹಗಡದವರೆಗೆ ನಡೆಯುವ ಸಾಹಸಿಗಳು ಇಲ್ಲಿ ನಿತ್ಯದ ನೋಟ. ಇಲ್ಲಿ ನೆಲೆಸಿದ ಕನ್ನಡಿಗರಾದ ನಾವೂ ಆ ಗುಂಪಿಗೆ ಸೇರಿದವರೇ.

2020ರ ಮಾರ್ಚ್ 9ರಂದು ಮಹಾರಾಷ್ಟ್ರದ ಮೊದಲ ಕೊರೋನಾ ರೋಗಿಗಳು ಪುಣೆಯಲ್ಲಿಯೇ ಪತ್ತೆಯಾದರು. ಅದೇ ತಿಂಗಳ 25ರಿಂದ ದೇಶಕ್ಕೆ ದೇಶವೇ ಬಾಗಿಲು ಮುಚ್ಚಿತು. ಲಾಕ್‌ಡೌನ್ ಎಂಬ ಹೊಸ ಮಾತು ಮನೆಮಾತಾಯಿತು. ರಾಜ್ಯದ ವ್ಯಾಯಾಮಶಾಲೆಗಳು ಮತ್ತೆ ತೆರೆದುದು ಅಕ್ಟೋಬರ್ 25ರ ವಿಜಯದಶಮಿಯಂದು. ಆ ಏಳು ತಿಂಗಳಲ್ಲಿ ಗುಡ್ಡ ದೂರವಾಯಿತು, ಕನ್ನಡಿ ಹತ್ತಿರವಾಯಿತು.

ನಮ್ಮ ಮೈಯನ್ನು ಕುರಿತು ನಮ್ಮ ಮನಸ್ಸಿನಲ್ಲಿ ಒಂದು ಚಿತ್ರವಿರುತ್ತದೆ. ಮನೋವೈದ್ಯ ಪಾಲ್ ಶಿಲ್ಡರ್ 1935ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಈ ದೇಹಬಿಂಬವನ್ನು ವಿಸ್ತಾರವಾಗಿ ವಿವೇಚಿಸಿದರು. ಅದು ಛಾಯಾಚಿತ್ರದಂತೆ ನಿಶ್ಚಲವಾದುದಲ್ಲ. ಅನುಭವ, ಭಾವನೆ, ಪರರ ನೋಟ ಇವುಗಳಿಂದ ಬದಲಾಗುತ್ತಲೇ ಇರುವಂಥದು. ಸೋಮಾರಿಗಳಿಗೆ ಮಾತ್ರ ಈ ಚಿಂತೆ ಎಂದು ಹಲವರು ಭಾವಿಸುವುದುಂಟು. ವಾಸ್ತವದಲ್ಲಿ ವ್ಯಾಯಾಮಪ್ರಿಯರನ್ನೂ ಅದು ಕಾಡಿತು. ಯಾರು ತಮ್ಮ ಯೋಗ್ಯತೆಯನ್ನು ಮೈಕಟ್ಟಿನಿಂದಲೇ ಅಳೆಯುತ್ತಿದ್ದರೋ ಅವರಿಗೆ, ಮೈಕಟ್ಟು ಸಡಿಲಿದೊಡನೆ ತಾವೇ ಕುಸಿದಂತೆ ತೋರಿತು. ಪಾಠವೂ ಕೆಲಸವೂ ಫೋನಿನ ಪರದೆಗೆ ಬಂದು, ದಿನವಿಡೀ ತಮ್ಮದೇ ಮುಖ ಎದುರಿಗೆ ನಿಂತಿತು. ಕ್ಯಾಮೆರಾ ಬಹಳ ಸಮೀಪವಿದ್ದರೆ ಮೂಗು ಇದ್ದುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಅದು ದೂರದ ದೋಷವೇ ಹೊರತು ಮುಖದ ದೋಷವಲ್ಲ.

ಹಾಗಾದರೆ ಮೈಯಲ್ಲಿ ನಿಜವಾಗಿ ನಡೆದುದೇನು? ಕಠಿಣ ಅಭ್ಯಾಸ ನಿಂತ ಎರಡು ಮೂರು ವಾರಗಳಲ್ಲಿ ರಕ್ತದ ದ್ರವಾಂಶ ಕಡಿಮೆಯಾಗಿ, ಏರು ಹತ್ತುವಾಗ ಬೇಗನೆ ಏದುಸಿರು ಬರುತ್ತದೆ. ಸ್ನಾಯುಗಳ ಬಲ ಅಷ್ಟು ಬೇಗ ಹೋಗುವುದಿಲ್ಲ. ಮೂರು ವಾರಗಳ ತರುವಾಯವೂ ಅದರ ಬಹುಪಾಲು ಉಳಿದಿರುತ್ತದೆ. ಆದರೂ ತೋಳು ಬಡವಾದಂತೆ ಕಾಣುವುದೇಕೆ? ಸ್ನಾಯುವು ಗ್ಲೈಕೋಜೆನ್ ಎಂಬ ಇಂಧನವನ್ನು ಕೂಡಿಡುತ್ತದೆ. ಅದರ ಪ್ರತಿ ಗ್ರಾಮಿನೊಡನೆ ಸುಮಾರು 3 ಗ್ರಾಂ ನೀರೂ ಸೇರಿರುತ್ತದೆ. ಅಭ್ಯಾಸ ತಪ್ಪಿದಾಗ ಈ ಸಂಗ್ರಹ ಇಳಿಯುತ್ತದೆ. ಕನ್ನಡಿಯು ತೋರಿದ ನಷ್ಟದಲ್ಲಿ ಒಂದು ಭಾಗ ಕೇವಲ ನೀರಿನದು! ಒಮ್ಮೆ ಬೆಳೆಸಿದ ಸ್ನಾಯುವನ್ನು ಮರಳಿ ಪಡೆಯಲು ಮೊದಲಿನಷ್ಟು ಕಾಲವೂ ಬೇಡ.

ಇದನ್ನರಿಯದೆ ನಮ್ಮಲ್ಲಿ ಕೆಲವರು ಎರಡು ತಪ್ಪು ದಾರಿಗಳನ್ನು ಹಿಡಿದೆವು. ಒಂದು, ಅತಿ ವ್ಯಾಯಾಮ. ಇನ್ನೊಂದು, ಅನ್ನವನ್ನು ಬಿಡುವುದು. "ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು" ಎಂಬ ಗಾದೆಯನ್ನು ಹಿರಿಯರಾದ ನಾವು ಮನೆಯಲ್ಲಿ ನಗುತ್ತ ಆಡಿದೆವು. ಓಟದಲ್ಲಿ ಮುಂದಿದ್ದ ನಮ್ಮ ಬಳಗದ ಹುಡುಗಿಯೊಬ್ಬಳು ಅದನ್ನು ನಗೆಯೆಂದು ಎಣಿಸಲಿಲ್ಲ. ರಾತ್ರಿಯ ಊಟವನ್ನು ಬಿಟ್ಟಳು. ಮೆಟ್ಟಿಲುಗಳನ್ನು ದಿನಕ್ಕೆ ನೂರು ಬಾರಿ ಹತ್ತಿಳಿದಳು. ಒಂದು ಸಂಜೆ ತಲೆಸುತ್ತಿ ಮೆಟ್ಟಿಲ ಮೇಲೆಯೇ ಕುಳಿತುಬಿಟ್ಟಳು. "ನಾನು ದಪ್ಪಗಾದೆನಲ್ಲವೆ ಅತ್ತೆ?" ಎಂದು ಅವಳು ಕೇಳಿದಾಗ ನಮ್ಮ ಮಾತಿನ ಭಾರ ನಮಗೆ ತಿಳಿಯಿತು. ಅಂದಿನಿಂದ ಯಾರ ಮೈಯ ಬಗೆಗೂ ವಿನೋದಕ್ಕಾಗಿಯೂ ಮಾತನಾಡಬಾರದೆಂದು ನಿಶ್ಚಯಿಸಿದೆವು. ತಾಯಿಯ ಆರೈಕೆಯಿಂದಲೂ ವೈದ್ಯರ ಸಲಹೆಯಿಂದಲೂ ಅವಳು ಚೇತರಿಸಿಕೊಂಡಳು. ಬೆಳೆಯುವ ವಯಸ್ಸಿನಲ್ಲಿ ಎಲುಬಿಗೂ ರಕ್ತಕ್ಕೂ ಬೇಕಾದುದನ್ನು ಕನ್ನಡಿಯ ಮಾತು ಕೇಳಿ ಕಸಿದುಕೊಂಡರೆ ಆಗುವ ಹಾನಿ ಸಣ್ಣದಲ್ಲ.

ವಿಶ್ವ ಆರೋಗ್ಯ ಸಂಸ್ಥೆಯು 2020ರ ನವೆಂಬರಿನಲ್ಲಿ ನೀಡಿದ ಸಲಹೆ ಸರಳವಾಗಿದೆ: 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚಟುವಟಿಕೆ, ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ವ್ಯಾಯಾಮ. ಅದರಲ್ಲಿ ಆಟವೂ ನಡಿಗೆಯೂ ಮನೆಗೆಲಸವೂ ಸೇರುತ್ತವೆ.

ನಿರ್ಬಂಧ ಸಡಿಲಿದ ಮೇಲೆ ನಾವು ಮತ್ತೆ ಘಾಟಿನ ಗುಡ್ಡವನ್ನೇರಿದೆವು. ಮೊದಲ ಏರಿನಲ್ಲೇ ನಾಲ್ಕು ಬಾರಿ ಕುಳಿತೆವು. ಆ ಹುಡುಗಿ ಬುತ್ತಿ ಬಿಚ್ಚಿ, ಎಲ್ಲರಿಗೂ ಚಪಾತಿ ಹಂಚಿ, ತಾನೂ ಎರಡು ತಿಂದಳು. ಪ್ರಿಯ ವಿದ್ಯಾರ್ಥಿಗಳೇ, ನಿಮ್ಮ ಮೈ ಹೇಗೆ ಕಾಣುತ್ತದೆಂದು ಕನ್ನಡಿಯನ್ನು ಕೇಳುವ ಮೊದಲು, ಅದು ನಿಮ್ಮನ್ನು ಎಲ್ಲಿಯವರೆಗೆ ಹೊತ್ತು ತಂದಿದೆಯೆಂಬುದನ್ನು ಒಮ್ಮೆ ನೆನೆಯಿರಿ. ಮನಸ್ಸಿಗೆ ಕಳವಳವಾದರೆ ಮನೆಯವರಲ್ಲಿಯೂ ಗುರುಗಳಲ್ಲಿಯೂ ಸಂಕೋಚವಿಲ್ಲದೆ ಹೇಳಿಕೊಳ್ಳಿರಿ.