ಕೇಫೇಬ್

ಕೇಫೇಬ್ ಎಂಬುದು ವೃತ್ತಿಪರ ಕುಸ್ತಿಯ ಲೋಕದಲ್ಲಿ ಬಳಕೆಯಲ್ಲಿರುವ ಒಂದು ಪಾರಿಭಾಷಿಕ ಪದ. ಮೊದಲೇ ನಿರ್ಧರಿಸಲಾದ ಪಂದ್ಯ, ವೈರ, ಸ್ನೇಹ ಮತ್ತು ಪಾತ್ರಗಳನ್ನು ಪ್ರೇಕ್ಷಕರ ಮುಂದೆ ನಿಜವೆಂಬಂತೆಯೇ ನಡೆಸಿಕೊಂಡು ಹೋಗುವ ಸಂಪ್ರದಾಯವನ್ನು ಇದು ಸೂಚಿಸುತ್ತದೆ. ಅಮೆರಿಕದ ಸಂಚಾರಿ ಮೇಳಗಳ ಗುಪ್ತಭಾಷೆಯಿಂದ ಈ ಪದ ಬಂದಿತೆಂಬುದು ಸಾಮಾನ್ಯ ಅಭಿಪ್ರಾಯ. ಇಪ್ಪತ್ತನೆಯ ಶತಮಾನದ ಬಹುಭಾಗ ಕುಸ್ತಿಪಟುಗಳು ಈ ಗುಟ್ಟನ್ನು ಕಟ್ಟುನಿಟ್ಟಾಗಿ ಕಾಯ್ದುಕೊಂಡಿದ್ದರು. 1980 ಮತ್ತು 1990ರ ದಶಕಗಳಲ್ಲಿ ಅದು ಹಂತಹಂತವಾಗಿ ಬಯಲಾಯಿತು. ಇದರಿಂದ ಅಭಿಮಾನಿಗಳ ಆಸಕ್ತಿ ಅಳಿಯಲಿಲ್ಲ. ಅವರ ಚರ್ಚೆಯ ಸ್ವರೂಪ ಬದಲಾಯಿತು.

ಸ್ಪರ್ಧಾತ್ಮಕ ಕುಸ್ತಿಯೊಂದಿಗೆ ಹೋಲಿಕೆ

ಕನ್ನಡದಲ್ಲಿ ಎರಡು ಭಿನ್ನ ವಿಷಯಗಳಿಗೆ 'ಕುಸ್ತಿ' ಎಂಬ ಒಂದೇ ಪದ ಬಳಕೆಯಲ್ಲಿದೆ. ಗರಡಿಮನೆಯ ನಾಡಕುಸ್ತಿ ಹಾಗೂ ಒಲಿಂಪಿಕ್ ಕುಸ್ತಿಗಳು ಸ್ಪರ್ಧೆಗಳು. ಅಲ್ಲಿ ಸೋಲು ಗೆಲುವುಗಳನ್ನು ಪಟ್ಟುಗಳೇ ನಿರ್ಧರಿಸುತ್ತವೆ. ವೃತ್ತಿಪರ ಕುಸ್ತಿಯಲ್ಲಿ ಯಾರು ಗೆಲ್ಲಬೇಕೆಂಬುದನ್ನು ಸಂಸ್ಥೆಯು ಮುಂಚಿತವಾಗಿಯೇ ತೀರ್ಮಾನಿಸಿರುತ್ತದೆ. ಎದುರಾಳಿಗಳು ಪರಸ್ಪರ ಸಹಕರಿಸಿ, ಹೋರಾಟದ ಭ್ರಮೆಯನ್ನು ಉಂಟುಮಾಡುತ್ತಾರೆ.

ಹಾಗೆಂದು ನೋವೂ ಅಪಾಯವೂ ಕೃತಕವೆಂದು ತಿಳಿಯಬಾರದು. ರಿಂಗಿನ ನೆಲವು ಉಕ್ಕಿನ ಚೌಕಟ್ಟಿನ ಮೇಲೆ ಜೋಡಿಸಿದ ಮರದ ಹಲಗೆಗಳಿಂದ ಕೂಡಿದ್ದು, ಅದರ ಮೇಲೆ ತೆಳುವಾದ ಫೋಮ್ ಪದರ ಮತ್ತು ಕ್ಯಾನ್ವಾಸ್ ಬಟ್ಟೆ ಮಾತ್ರ ಇರುತ್ತದೆ. ಅದರ ಮೇಲೆ ವರ್ಷಗಟ್ಟಲೆ ಬೀಳುವ ದೇಹಕ್ಕೆ ಆಗುವ ಪೆಟ್ಟು ನಿಜವಾದುದೇ.

ಪಾರಿಭಾಷಿಕ ಪದಗಳು

ಬೇಬಿಫೇಸ್: ಪ್ರೇಕ್ಷಕರ ಮೆಚ್ಚುಗೆ ಗಳಿಸಬೇಕಾದ ನಾಯಕ ಪಾತ್ರ.
ಹೀಲ್: ಪ್ರೇಕ್ಷಕರ ಕೋಪಕ್ಕೆ ಗುರಿಯಾಗಬೇಕಾದ ಖಳ ಪಾತ್ರ.
ವರ್ಕ್: ಮೊದಲೇ ಯೋಜಿಸಿದ ಪಂದ್ಯ ಅಥವಾ ಘಟನೆ.
ಶೂಟ್: ಯೋಜನೆಯನ್ನು ಮೀರಿ ನಿಜವಾಗಿಯೇ ನಡೆದದ್ದು.
ಸೆಲ್ಲಿಂಗ್: ಎದುರಾಳಿಯ ಹೊಡೆತಕ್ಕೆ ನಂಬುವಂತಹ ಪ್ರತಿಕ್ರಿಯೆ ತೋರುವುದು.
ಬುಕರ್: ಕಥೆಯನ್ನೂ ಫಲಿತಾಂಶವನ್ನೂ ನಿರ್ಧರಿಸುವ ವ್ಯಕ್ತಿ.

ಗುಟ್ಟಿನ ಕಾಲ

1948ರಲ್ಲಿ ಸ್ಥಾಪನೆಯಾದ ನ್ಯಾಷನಲ್ ರೆಸ್ಲಿಂಗ್ ಅಲಯನ್ಸ್ ಎಂಬ ಒಕ್ಕೂಟದ ಸದಸ್ಯರು ಉತ್ತರ ಅಮೆರಿಕವನ್ನು ಪ್ರಾಂತ್ಯಗಳಾಗಿ ಹಂಚಿಕೊಂಡು ಕುಸ್ತಿಗಳನ್ನು ಏರ್ಪಡಿಸುತ್ತಿದ್ದರು. ಜನ ನಂಬಿದರೆ ಮಾತ್ರ ಟಿಕೆಟ್‌ಗಳು ಮಾರಾಟವಾಗುತ್ತವೆ ಎಂಬುದು ಅಂದಿನ ವ್ಯವಸ್ಥಾಪಕರ ದೃಢ ಅಭಿಪ್ರಾಯ. ಆದ್ದರಿಂದ ನಾಯಕ ಮತ್ತು ಖಳ ಪಾತ್ರಧಾರಿಗಳು ಒಟ್ಟಿಗೆ ಪ್ರಯಾಣ ಮಾಡುವುದಾಗಲಿ, ಸಾರ್ವಜನಿಕವಾಗಿ ಕುಳಿತು ಊಟ ಮಾಡುವುದಾಗಲಿ ನಿಷಿದ್ಧವಾಗಿತ್ತು.

1984ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ದೂರದರ್ಶನ ವರದಿಗಾರ ಜಾನ್ ಸ್ಟಾಸೆಲ್ ಅವರು ಕುಸ್ತಿ ನಕಲಿಯೆಂಬ ಮಾತೆತ್ತಿದಾಗ, ಕುಸ್ತಿಪಟು ಡೇವಿಡ್ ಶುಲ್ಟ್ಸ್ ಕ್ಯಾಮೆರಾದ ಎದುರಿನಲ್ಲೇ ಅವರ ಕಿವಿಯ ಬಳಿ ಹೊಡೆದರು. ಗುಟ್ಟಿನ ರಕ್ಷಣೆ ಎಲ್ಲಿಯವರೆಗೆ ಹೋಗಬಲ್ಲುದು ಎಂಬುದಕ್ಕೆ ಈ ಪ್ರಸಂಗವನ್ನು ಇಂದಿಗೂ ಉದಾಹರಿಸಲಾಗುತ್ತದೆ.

ಗುಟ್ಟು ಬಯಲಾದುದು

ಕೇಫೇಬ್‌ಗೆ ಬಿದ್ದ ದೊಡ್ಡ ಪೆಟ್ಟು ಸ್ವತಃ ಉದ್ಯಮದಿಂದಲೇ ಬಂದಿತು. 1989ರಲ್ಲಿ ನ್ಯೂಜೆರ್ಸಿ ರಾಜ್ಯದ ಶಾಸಕಾಂಗದ ಮುಂದೆ ವರ್ಲ್ಡ್ ರೆಸ್ಲಿಂಗ್ ಫೆಡರೇಷನ್ ಸಂಸ್ಥೆಯು ತನ್ನ ಪಂದ್ಯಗಳು ಸ್ಪರ್ಧೆಗಳಲ್ಲ, ಮನರಂಜನೆ ಎಂದು ಒಪ್ಪಿಕೊಂಡಿತು. ಕ್ರೀಡೆಗಳಿಗೆ ಅನ್ವಯಿಸುವ ಸರ್ಕಾರಿ ನಿಯಂತ್ರಣ ಹಾಗೂ ಶುಲ್ಕಗಳಿಂದ ಮುಕ್ತವಾಗುವುದು ಇದರ ಉದ್ದೇಶವಾಗಿತ್ತು.

1996ರ ಮೇ 19ರಂದು ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ, ಸಂಸ್ಥೆಯನ್ನು ಬಿಟ್ಟು ಹೊರಟಿದ್ದ ಇಬ್ಬರು ಗೆಳೆಯರಾದ ಕೆವಿನ್ ನ್ಯಾಶ್ ಮತ್ತು ಸ್ಕಾಟ್ ಹಾಲ್ ಅವರನ್ನು ಶಾನ್ ಮೈಕಲ್ಸ್ ಮತ್ತು ಟ್ರಿಪಲ್ ಎಚ್ ರಿಂಗಿನೊಳಗೇ ಅಪ್ಪಿಕೊಂಡು ಬೀಳ್ಕೊಟ್ಟರು. ಕಥೆಯಲ್ಲಿ ಪರಸ್ಪರ ಶತ್ರುಗಳಾಗಿದ್ದವರು ಪಾತ್ರವನ್ನು ತೊರೆದು ಪ್ರೇಕ್ಷಕರ ಮುಂದೆ ನಿಂತದ್ದು ಬಹಳ ಚರ್ಚೆಗೆ ಕಾರಣವಾಯಿತು.

ಮಾಂಟ್ರಿಯಲ್ ಪ್ರಸಂಗ

1997ರ ನವೆಂಬರ್ 9ರಂದು ಕೆನಡಾದ ಮಾಂಟ್ರಿಯಲ್‌ನಲ್ಲಿ ಬ್ರೆಟ್ ಹಾರ್ಟ್ ಮತ್ತು ಶಾನ್ ಮೈಕಲ್ಸ್ ನಡುವೆ ಚಾಂಪಿಯನ್ ಪಟ್ಟಕ್ಕಾಗಿ ಪಂದ್ಯ ನಡೆಯಿತು. ಪ್ರತಿಸ್ಪರ್ಧಿ ಸಂಸ್ಥೆಯಾದ ವರ್ಲ್ಡ್ ಚಾಂಪಿಯನ್‌ಶಿಪ್ ರೆಸ್ಲಿಂಗ್‌ಗೆ ಹೋಗಲಿದ್ದ ಹಾರ್ಟ್, ತಾಯ್ನಾಡಿನಲ್ಲಿ ಮೈಕಲ್ಸ್ ಎದುರು ಸೋಲಲು ಒಪ್ಪಿರಲಿಲ್ಲ. ಹಾರ್ಟ್‌ಗೆ ತಿಳಿಸಿದ್ದ ಫಲಿತಾಂಶವನ್ನು ಮಾಲೀಕ ವಿನ್ಸ್ ಮೆಕ್‌ಮಹನ್ ರಹಸ್ಯವಾಗಿ ಬದಲಿಸಿದರು. ಹಾರ್ಟ್ ಶರಣಾಗದಿದ್ದರೂ ಗಂಟೆ ಬಾರಿಸಲು ಆಜ್ಞೆಯಾಯಿತು. ಪಟ್ಟ ಮೈಕಲ್ಸ್ ಪಾಲಾಯಿತು. ಕ್ರುದ್ಧರಾದ ಹಾರ್ಟ್ ರಿಂಗಿನ ಬಳಿ ನಿಂತಿದ್ದ ಮೆಕ್‌ಮಹನ್ ಮೇಲೆ ಉಗುಳಿದರು.

ಪೂರ್ವನಿರ್ಧರಿತ ಪಂದ್ಯವೊಂದರಲ್ಲಿ ನಿಜವಾದ ವಂಚನೆ ನಡೆದ ಅಪರೂಪದ ಸಂದರ್ಭವಿದು. ಮುಂದೆ ಸಂಸ್ಥೆಯು ಈ ನಿಜವಾದ ಕೋಪವನ್ನೇ ಕಥಾವಸ್ತುವಾಗಿಸಿಕೊಂಡು ಮೆಕ್‌ಮಹನ್ ಅವರನ್ನು ದುಷ್ಟ ಮಾಲೀಕನ ಪಾತ್ರದಲ್ಲಿ ನಿಲ್ಲಿಸಿತು. ಯಾರು ಮಾಡಿದ್ದು ಸರಿ ಎಂಬ ವಾದ ಅಭಿಮಾನಿಗಳಲ್ಲಿ ಇನ್ನೂ ಮುಗಿದಿಲ್ಲ.

ಓವನ್ ಹಾರ್ಟ್ ಸಾವು

ಬ್ರೆಟ್ ಅವರ ತಮ್ಮ ಓವನ್ ಹಾರ್ಟ್ 1999ರ ಮೇ 23ರಂದು ಕ್ಯಾನ್ಸಸ್ ಸಿಟಿಯ ಕೆಂಪರ್ ಅರೀನಾದಲ್ಲಿ, ಛಾವಣಿಯಿಂದ ಹಗ್ಗದ ಮೂಲಕ ರಿಂಗಿಗೆ ಇಳಿಯಲು ಸಜ್ಜಾಗುತ್ತಿದ್ದಾಗ ಕೆಳಗೆ ಬಿದ್ದು ಮೃತಪಟ್ಟರು. ಇದು ಮನರಂಜನೆಯ ಭಾಗವಲ್ಲವೆಂದು ವೀಕ್ಷಕ ವಿವರಣೆಗಾರ ಜಿಮ್ ರಾಸ್ ದೂರದರ್ಶನದ ಪ್ರೇಕ್ಷಕರಿಗೆ ಸ್ಪಷ್ಟವಾಗಿ ಹೇಳಬೇಕಾಯಿತು. ಎಲ್ಲವೂ ಕಥೆಯೆಂದು ತಿಳಿದವರಿಗೆ ನಿಜವಾದ ದುರಂತವನ್ನು ನಿಜವೆಂದು ನಂಬಿಸಬೇಕಾದ ಸ್ಥಿತಿ ಅಂದು ಉಂಟಾಗಿತ್ತು. ಆ ರಾತ್ರಿ ಕಾರ್ಯಕ್ರಮವನ್ನು ನಿಲ್ಲಿಸದೆ ಮುಂದುವರಿಸಿದ್ದು ತೀವ್ರ ಟೀಕೆಗೆ ಒಳಗಾಯಿತು.

ಅಭಿಮಾನಿಗಳ ಚರ್ಚೆಯಲ್ಲಿ ಬದಲಾವಣೆ

ಹಿಂದೆ ಅಭಿಮಾನಿಗಳು ಯಾರು ಬಲಶಾಲಿ ಎಂದು ವಾದಿಸುತ್ತಿದ್ದರು. ಈಗ ಪಂದ್ಯದ ಗತಿ, ಕಥೆಯ ತರ್ಕ, ಬುಕರ್‌ನ ನಿರ್ಧಾರಗಳನ್ನು ವಿಮರ್ಶಿಸುತ್ತಾರೆ. ಪತ್ರಕರ್ತ ಡೇವ್ ಮೆಲ್ಟ್ಜರ್ ಪಂದ್ಯಗಳಿಗೆ ನಕ್ಷತ್ರಗಳ ಮೂಲಕ ಅಂಕ ನೀಡುವ ಪದ್ಧತಿಯನ್ನು ತಮ್ಮ ಪತ್ರಿಕೆಯ ಮೂಲಕ ಪ್ರಚಾರಕ್ಕೆ ತಂದರು. 2017ರ ಜನವರಿ 4ರಂದು ಟೋಕಿಯೊದಲ್ಲಿ ನಡೆದ ಕಜುಚಿಕಾ ಒಕಾಡಾ ಮತ್ತು ಕೆನ್ನಿ ಒಮೆಗಾ ಅವರ ಪಂದ್ಯಕ್ಕೆ ಅವರು ಐದರ ಮಿತಿಯನ್ನು ಮೀರಿ ಆರು ನಕ್ಷತ್ರಗಳನ್ನು ಕೊಟ್ಟದ್ದು ಸ್ವತಃ ಒಂದು ಚರ್ಚೆಯಾಯಿತು. 2001ರಲ್ಲಿ ಪ್ರತಿಸ್ಪರ್ಧಿಗೇ ಮಾರಾಟವಾದ ವರ್ಲ್ಡ್ ಚಾಂಪಿಯನ್‌ಶಿಪ್ ರೆಸ್ಲಿಂಗ್‌ನ ಪತನವೂ, 2019ರಲ್ಲಿ ಆರಂಭವಾದ ಆಲ್ ಎಲೀಟ್ ರೆಸ್ಲಿಂಗ್‌ನ ಏಳುಬೀಳುಗಳೂ ಇಂತಹ ಚರ್ಚೆಗಳ ನಿತ್ಯದ ವಿಷಯಗಳು.

ಭಾರತದಲ್ಲಿ

1990ರ ದಶಕದಲ್ಲಿ ಉಪಗ್ರಹ ವಾಹಿನಿಗಳ ಮೂಲಕ ಅಮೆರಿಕದ ಈ ಕುಸ್ತಿ ಭಾರತದ ಮನೆಗಳನ್ನು ಪ್ರವೇಶಿಸಿತು. ಕರ್ನಾಟಕದ ಮಕ್ಕಳೂ ಕುಸ್ತಿಪಟುಗಳ ಚಿತ್ರವಿದ್ದ ಟ್ರಂಪ್ ಕಾರ್ಡುಗಳನ್ನು ಆಡುತ್ತಿದ್ದರು. 2007ರಲ್ಲಿ ಹಿಮಾಚಲ ಪ್ರದೇಶದ ದಲೀಪ್ ಸಿಂಗ್ ರಾಣಾ, 'ದಿ ಗ್ರೇಟ್ ಖಲಿ' ಎಂಬ ಹೆಸರಿನಲ್ಲಿ ವರ್ಲ್ಡ್ ಹೆವಿವೇಟ್ ಚಾಂಪಿಯನ್ ಪಟ್ಟ ಪಡೆದರು.

ಕೇಫೇಬ್‌ನ ಅರಿವು ಎಳೆಯ ಪ್ರೇಕ್ಷಕರಿಗೆ ವಿಶೇಷವಾಗಿ ಅಗತ್ಯ. ತರಬೇತಿ ಪಡೆದ ಇಬ್ಬರು ಪರಸ್ಪರರ ದೇಹವನ್ನು ಕಾಪಾಡುತ್ತ ಮಾಡುವ ಪಟ್ಟುಗಳನ್ನು ಮಕ್ಕಳು ಅನುಕರಿಸಿದರೆ ಕತ್ತು ಮತ್ತು ಬೆನ್ನುಮೂಳೆಗೆ ಗಂಭೀರ ಗಾಯಗಳಾಗಬಹುದು. ಮನೆಯಲ್ಲಿ ಇದನ್ನು ಪ್ರಯತ್ನಿಸಬಾರದೆಂಬ ಎಚ್ಚರಿಕೆಯನ್ನು ಸಂಸ್ಥೆಯೇ ತನ್ನ ಪ್ರಸಾರಗಳಲ್ಲಿ ನೀಡುತ್ತಾ ಬಂದಿದೆ.