ಸೂರ್ಯರಶ್ಮಿಯಿಂದ ಹಾರುವ ವಿಮಾನ

ಒಂದು ಹನಿ ಎಣ್ಣೆಯನ್ನೂ ಸುಡದೆ, ಕೇವಲ ಬಿಸಿಲಿನ ಬಲದಿಂದ ಭೂಮಂಡಲವನ್ನು ಸುತ್ತಿ ಬಂದ ವಿಮಾನವೊಂದುಂಟು. ಸೋಲಾರ್ ಇಂಪಲ್ಸ್ ೨ ಎಂಬುದು ಅದರ ಹೆಸರು. ಸ್ವಿಟ್ಜರ್ಲೆಂಡ್ ದೇಶದ ಬರ್ಟ್ರಾಂಡ್ ಪಿಕಾರ್ ಮತ್ತು ಆಂದ್ರೆ ಬೋರ್ಶ್‌ಬರ್ಗ್ ಎಂಬ ಇಬ್ಬರು ಸರದಿಯ ಮೇಲೆ ಅದನ್ನು ನಡೆಸಿದರು. ೨೦೧೫ನೆಯ ಇಸವಿ ಮಾರ್ಚಿ ೯ರಂದು ಅಬುಧಾಬಿಯಿಂದ ಹೊರಟ ವಿಮಾನವು ನಮ್ಮ ದೇಶದ ಅಹಮದಾಬಾದು, ಕಾಶಿ ಪಟ್ಟಣಗಳಲ್ಲಿಯೂ ತಂಗಿ, ೨೦೧೬ನೆಯ ಜುಲೈ ೨೬ರಂದು ಹೊರಟಲ್ಲಿಗೇ ಬಂದಿಳಿಯಿತು. ಸಾಹಸವು ಪಿಕಾರರ ಮನೆತನದ ಸ್ವತ್ತೆಂದೇ ತೋರುತ್ತದೆ. ಇವರ ಅಜ್ಜನವರು ೧೯೩೧ರಲ್ಲಿ ಬೆಲೂನಿನಲ್ಲಿ ಕುಳಿತು ೧೫ ಕಿಲೋಮೀಟರಿಗೂ ಮೇಲೆ ಏರಿದ್ದರು.

ಈ ವಿಮಾನದ ರೆಕ್ಕೆಗಳ ಹರವು ೭೨ ಮೀಟರು. ತೂಕವೋ ಕೇವಲ ೨,೩೦೦ ಕಿಲೋ, ಎಂದರೆ ಒಂದು ದೊಡ್ಡ ಮೋಟಾರು ಗಾಡಿಯಷ್ಟು. ಮೈಮೇಲೆ ೧೭,೦೦೦ಕ್ಕೂ ಮಿಕ್ಕಿದ ಸೌರಕೋಶಗಳು ಹಾಸಿಕೊಂಡಿವೆ. ಇವು ಬೆಳಕನ್ನು ವಿದ್ಯುಚ್ಛಕ್ತಿಯಾಗಿ ಮಾರ್ಪಡಿಸಿ ನಾಲ್ಕು ಮೋಟಾರುಗಳನ್ನು ತಿರುಗಿಸುವುದಲ್ಲದೆ ಬ್ಯಾಟರಿಗಳನ್ನೂ ತುಂಬುತ್ತವೆ. ಹಾಗಾದರೆ ಇರುಳಿನಲ್ಲಿ ಗತಿಯೇನೆಂದು ವಾಚಕರು ಕೇಳಬಹುದು. ಹಗಲೆಲ್ಲ ವಿಮಾನವು ಸುಮಾರು ೮,೫೦೦ ಮೀಟರು ಎತ್ತರಕ್ಕೆ ಏರುತ್ತಿತ್ತು. ಹೊತ್ತು ಮುಳುಗಿದ ಮೇಲೆ ಗರುಡನಂತೆ ತೇಲುತ್ತ ಮೆಲ್ಲಮೆಲ್ಲನೆ ಇಳಿದು, ಉಳಿದ ರಾತ್ರಿಯನ್ನು ಬ್ಯಾಟರಿಯ ಬಲದಿಂದ ಕಳೆಯುತ್ತಿತ್ತು. ಎತ್ತರವನ್ನೇ ಒಂದು ಉಳಿತಾಯದ ಗಂಟನ್ನಾಗಿ ಮಾಡಿಕೊಂಡ ಈ ಉಪಾಯವು ನಮಗೆ ಬಹಳ ಮೆಚ್ಚುಗೆಯಾಯಿತು. ಜಪಾನಿನಿಂದ ಹವಾಯಿ ದ್ವೀಪದವರೆಗೆ ಬೋರ್ಶ್‌ಬರ್ಗರು ಒಬ್ಬರೇ ೧೧೭ ಗಂಟೆ ೫೨ ನಿಮಿಷ ಎಡೆಬಿಡದೆ ಹಾರಿದರು. ಒಮ್ಮೆಗೆ ಇಪ್ಪತ್ತು ನಿಮಿಷದಷ್ಟೇ ನಿದ್ರೆ. ಆ ಪಯಣದಲ್ಲಿ ಬ್ಯಾಟರಿಗಳು ಅತಿಯಾಗಿ ಕಾದು ಕೆಟ್ಟುದರಿಂದ ೨೦೧೬ರ ಏಪ್ರಿಲಿನವರೆಗೂ ವಿಮಾನವು ಹವಾಯಿಯನ್ನು ಬಿಟ್ಟು ಕದಲಲಿಲ್ಲ.

ಇದನ್ನೋದಿದ ನಮ್ಮ ಹುಡುಗಿಯರು, ತಾವು ದೊಡ್ಡವರಾಗುವ ಹೊತ್ತಿಗೆ ಬಿಸಿಲಿನ ವಿಮಾನದಲ್ಲಿ ಕುಳಿತು ಹೋಗಬಹುದೆ ಎಂದು ಕೇಳುತ್ತಾರೆ. ಆಸೆಯನ್ನು ಮುರಿಯುವುದು ನಮಗೆ ಇಷ್ಟವಿಲ್ಲ; ಆದರೂ ಲೆಕ್ಕವನ್ನು ಲೆಕ್ಕವಾಗಿಯೇ ಹೇಳಬೇಕು. ನಡುಹಗಲಿನ ಬಿಸಿಲು ಒಂದು ಚದರ ಮೀಟರಿನ ಮೇಲೆ ಸುಮಾರು ೧,೦೦೦ ವಾಟ್ ಶಕ್ತಿಯನ್ನು ಸುರಿಸುತ್ತದೆ. ಅದರಲ್ಲಿ ಈ ಕೋಶಗಳು ಹಿಡಿಯುವುದು ಕಾಲು ಪಾಲಿಗಿಂತ ಕಡಮೆ. ವಿಮಾನದ ಕೋಶಗಳೆಲ್ಲ ಸೇರಿ ೨೭೦ ಚದರ ಮೀಟರಿನಷ್ಟಿದ್ದರೂ ದೊರೆಯುವುದು ೬೦ ಕಿಲೋವಾಟ್ ಮಾತ್ರ, ಅದೂ ಮಧ್ಯಾಹ್ನದಲ್ಲಿ. ಇನ್ನೂರು ಜನರನ್ನು ಹೊರುವ ಜೆಟ್ ವಿಮಾನಕ್ಕೆ ಸಾವಿರಾರು ಕಿಲೋವಾಟ್ ಬೇಕು. ಬ್ಯಾಟರಿಯನ್ನು ನಂಬೋಣವೆಂದರೆ, ಒಂದು ಕಿಲೋ ಎಣ್ಣೆಯಲ್ಲಡಗಿದ ಶಕ್ತಿಯು ಈ ವಿಮಾನದ ಒಂದು ಕಿಲೋ ಬ್ಯಾಟರಿಯಲ್ಲಿರುವುದಕ್ಕಿಂತ ನಲ್ವತ್ತು ಪಟ್ಟಿಗೂ ಹೆಚ್ಚು. ಬಿಸಿಲು ಹೇರಳವಾದುದು ನಿಜ; ಆದರೆ ತೆಳುವಾಗಿ ಹರಡಿದುದು. ಆದಕಾರಣವೇ ಆ ಮಹಾವಿಮಾನದಲ್ಲಿ ಒಬ್ಬನಿಗಷ್ಟೇ ಸ್ಥಳವಿತ್ತು.

ಅಗಲವಾದ ಮಾಡೂ ನಿಧಾನವಾದ ನಡೆಯೂ ಕೂಡಿದಲ್ಲಿ ಇದೇ ಬಿಸಿಲು ಚೆನ್ನಾಗಿ ದುಡಿಯುತ್ತದೆ. ಕೇರಳದ ವೈಕಂ ಎಂಬಲ್ಲಿ ೨೦೧೭ನೆಯ ಜನವರಿಯಲ್ಲಿ 'ಆದಿತ್ಯ' ಎಂಬ ದೋಣಿಯು ನೀರಿಗಿಳಿದು ಸೇವೆಯನ್ನಾರಂಭಿಸಿತು. ಮಾಡಿನ ಮೇಲೆ ಸೌರಫಲಕಗಳನ್ನು ಹೊತ್ತ ಅದು ೭೫ ಮಂದಿಯನ್ನು ಹೊಗೆಯಿಲ್ಲದೆ, ಡೀಸೆಲ್ಲಿನ ನಾತವಿಲ್ಲದೆ ಹಿನ್ನೀರಿನ ಆಚೆ ದಡಕ್ಕೆ ಮುಟ್ಟಿಸಬಲ್ಲದು. ನೀರು ಭಾರವನ್ನು ಹೊರುವುದರಿಂದ ಮೋಟಾರಿಗೆ ನೂಕುವ ಕೆಲಸವಷ್ಟೇ ಉಳಿಯುತ್ತದೆ. ನಮ್ಮ ಹೊಳೆದಂಡೆಯ ಊರುಗಳಿಂದ ಕಡವು ದಾಟಿ ಶಾಲೆಗೆ ಬರುವ ಮಕ್ಕಳಿಗೆ ಸುತ್ತುವ ವಿಮಾನಕ್ಕಿಂತ ಇಂತಹ ದೋಣಿಯೇ ಮೇಲು ಎಂಬುದು ನಮ್ಮ ಅಭಿಪ್ರಾಯ.

ಆಕಾಶದಲ್ಲಿಯೂ ಸೌರವಿಮಾನಕ್ಕೆ ತಕ್ಕ ಉದ್ಯೋಗವಿದೆ; ಅದು ಜನರನ್ನು ಒಯ್ಯುವುದಲ್ಲ, ಬಹುಕಾಲ ಮೇಲೆಯೇ ನಿಂತು ಕಾವಲಿರುವುದು. ೨೦೨೨ರಲ್ಲಿ ಜೆಫಿರ್ ಎಂಬ ಚಾಲಕನಿಲ್ಲದ ವಿಮಾನವು ೬೪ ದಿನ ಇಳಿಯದೆ ಹಾರಿತು. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಶಾಲೆಯವರು ಇಂತಹುದೇ ವಿಮಾನದ ಸಣ್ಣ ಮಾದರಿಯನ್ನು ೨೦೨೪ರ ಆದಿಯಲ್ಲಿ ಚಳ್ಳಕೆರೆಯ ಬಯಲಿನಲ್ಲಿ ಎಂಟು ಗಂಟೆಗೂ ಮೀರಿ ಹಾರಿಸಿದರು. ಸುಮಾರು ೨೦ ಕಿಲೋಮೀಟರು ಎತ್ತರದಲ್ಲಿ, ಮೋಡಗಳಿಗೂ ಮೇಲೆ ತಿಂಗಳುಗಟ್ಟಲೆ ನಿಲ್ಲಬಲ್ಲ ದೊಡ್ಡ ವಿಮಾನವನ್ನು ಕಟ್ಟುವುದು ಅವರ ಉದ್ದೇಶ.